ಮಾತು ಬಾರದ ಮಗುವಿನ ಜೊತೆ ಕಥೆ ಹೇಳುವುದು: ತಯಾರಿಯಿಂದ ತರಗತಿಯವರೆಗೆ, ಹಂತ ಹಂತವಾಗಿ

"ಕಥೆ ಶುರು ಮಾಡಿದ್ರೆ ಎರಡು ನಿಮಿಷ ಕೂರಲ್ಲ." "ಚಿತ್ರ ತೋರಿಸಿದ್ರೆ ಆ ಕಡೆ ತಿರುಗಿಬಿಡ್ತಾನೆ." "ಅವಳಿಗೆ ಅರ್ಥ ಆಗಲ್ಲ ಬಿಡಿ." ಸೆರೆಬ್ರಲ್ ಪಾಲ್ಸಿ (ಸಿಪಿ; ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು), ಆಟಿಸಂ, ಡೌನ್ ಸಿಂಡ್ರೋಮ್ ಅಥವಾ ಕಲಿಕೆ ನಿಧಾನವಿರುವ ಮಕ್ಕಳ ತಾಯಂದಿರೂ ಶಿಕ್ಷಕರೂ ಮತ್ತೆ ಮತ್ತೆ ಹೇಳುವ ಮಾತುಗಳಿವು. ಬಹುತೇಕ ಕಡೆ ಕೆಡುವುದು ಕೆಲಸದ ಕ್ರಮ. ಮೊದಲು ಚಂದದ ಕಥೆ ಆರಿಸುತ್ತಾರೆ, ಆಮೇಲೆ ರಾತ್ರಿಯೆಲ್ಲ ಕೂತು ಚಾರ್ಟು, ಗೊಂಬೆ ಮಾಡುತ್ತಾರೆ, ಎಲ್ಲ ಮುಗಿದ ಮೇಲೆ ಮಗುವನ್ನು ಎದುರಿಗೆ ಕೂರಿಸುತ್ತಾರೆ. ಒಂದೆರಡು ಸಲ ಹೇಳಿ, ಮಗು ನೋಡಲಿಲ್ಲ ಅಂತ ಕಥೆಯನ್ನೇ ಬದಲಿಸುತ್ತಾರೆ.

ಇದನ್ನು ಪೂರ್ತಿ ಉಲ್ಟಾ ಮಾಡಬೇಕು. ಮೊದಲು ಮಗು, ಆಮೇಲೆ ಕಥೆ, ಆಮೇಲೆ ಸಾಮಾನು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಉದಾಹರಣೆಗೆ ನಮಗೆಲ್ಲ ಗೊತ್ತಿರುವ ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ಇಟ್ಟುಕೊಂಡಿದ್ದೇನೆ.

ಹಂತ 1: ಮಗು 'ಬೇಕು', 'ಬೇಡ' ಅನ್ನುವುದು ಹೇಗೆ ಅಂತ ತಿಳಿದುಕೊಳ್ಳಿ

ಮಾತು ಬಾರದ ಮಗುವಿಗೂ 'ಬೇಡ' ಅನ್ನುವ ದಾರಿ ಒಂದು ಇದ್ದೇ ಇರುತ್ತದೆ. ಒಬ್ಬ ತುಟಿ ಬಿಗಿಯುತ್ತಾನೆ. ಒಬ್ಬಳು ಕಣ್ಣು ಮುಚ್ಚುತ್ತಾಳೆ. ಇನ್ನೊಬ್ಬನ ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ. ಇದು ತಾಯಿಗೆ, ಅಜ್ಜಿಗೆ ಗೊತ್ತಿರುತ್ತದೆ; ಶಾಲೆಯವರು ಕೇಳಿರುವುದಿಲ್ಲ ಅಷ್ಟೆ. ಒಂದು ಹಾಳೆ ತೆಗೆದುಕೊಂಡು ಮನೆಯವರ ಜೊತೆ ಕೂತು ಬರೆಯಿರಿ: ಖುಷಿಯಾದಾಗ ಏನು ಮಾಡುತ್ತಾಳೆ, ಸಾಕಾದಾಗ ಏನು, 'ಇನ್ನೊಂದ್ಸಲ' ಅನ್ನಬೇಕಾದರೆ ಏನು?

ಅದೇ ಹಾಳೆಯಲ್ಲಿ ಇನ್ನಷ್ಟು ವಿಷಯ ಇರಬೇಕು. ಕನ್ನಡಕ, ಶ್ರವಣ ಯಂತ್ರ ಇದೆಯಾ? ಇದ್ದರೆ ಬ್ಯಾಟರಿ ಹೊಸದಾ? ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕಿವಿಯ ತೊಂದರೆ ಜಾಸ್ತಿ, ಹಾಗಾಗಿ 'ಗಮನ ಕೊಡಲ್ಲ' ಅನ್ನುವ ಮೊದಲು ಕಿವಿ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಫಿಟ್ಸ್ ಬರುತ್ತದೆಯಾ? ನುಂಗಲು ಕಷ್ಟ ಇದೆಯಾ? ಯಾವ ಸದ್ದಿಗೆ ಬೆಚ್ಚುತ್ತಾನೆ? ಸಿಪಿ ಇರುವ ಮಗುವಾದರೆ, ಯಾವ ಕೈ ಅಥವಾ ಯಾವ ಅಂಗ ಅವನ ಹಿಡಿತದಲ್ಲಿ ಚೆನ್ನಾಗಿದೆ?

ಈ ಹಾಳೆ ಇಲ್ಲದೆ ಮುಂದಿನ ಹಂತಕ್ಕೆ ಹೋಗಬೇಡಿ. ಮುಂದಿನ ಹಂತಗಳೆಲ್ಲ ಇದರ ಮೇಲೆ ನಿಂತಿವೆ.

ಹಂತ 2: ಕಥೆ ಆರಿಸಿ

ಎರಡೇ ಷರತ್ತು. ಒಂದೇ ಸಾಲು ಮತ್ತೆ ಮತ್ತೆ ಬರಬೇಕು. ಕೈಯಲ್ಲಿ ಮುಟ್ಟಬಹುದಾದ, ಕಿವಿಗೆ ಕೇಳಿಸುವ ಸಂಗತಿಗಳು ಇರಬೇಕು. ಕಾಗಕ್ಕ ಗುಬ್ಬಕ್ಕನ ಕಥೆಯಲ್ಲಿ ಎರಡೂ ಇವೆ. ಸಗಣಿ ಮನೆ, ಕಲ್ಲಿನ ಮನೆ, ಮಳೆ, ಬಾಗಿಲು ಬಡಿಯುವುದು, ಮಗುವಿನ ಸ್ನಾನ, ತೊಟ್ಟಿಲು. ನಡುನಡುವೆ ಅದೇ ಕೂಗು: "ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ!"

ಸಿದ್ಧ ಕಥೆ ಬೇಕಿದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಓಪನ್ ಲೈಸೆನ್ಸ್ ಇರುವುದರಿಂದ ಮೂಲದ ಹೆಸರು ಹಾಕಿ ಮುದ್ರಿಸಿಕೊಳ್ಳಬಹುದು, ಸಾಲುಗಳನ್ನು ಕಡಿಮೆ ಮಾಡಿಕೊಳ್ಳಬಹುದು. ಅಲ್ಲಿ ಓದಿನ ಮಟ್ಟ 1 ಅಂತ ಗುರುತಿಸಿದ ಕಥೆಗಳಿಂದ ಶುರು ಮಾಡಿ.

ವಯಸ್ಸಿನ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಹದಿನಾರರ ಹುಡುಗನ ಕಲಿಕೆ ನಿಧಾನ ಅಂದ ಮಾತ್ರಕ್ಕೆ ಅವನು ಮೂರು ವರ್ಷದ ಮಗುವಲ್ಲ. ಮೀಸೆ ಚಿಗುರುತ್ತಿರುವವನಿಗೆ ತೊಟ್ಟಿಲ ಕಥೆ ಹೇಳಿದರೆ ಅವನು ತಿರುಗಿ ಕೂರುತ್ತಾನೆ, ಅದು ನ್ಯಾಯವೇ. ಅವನಿಗೆ ಬಸ್ಸು ತಪ್ಪಿದ ಕಥೆ, ಕ್ರಿಕೆಟ್ ಮ್ಯಾಚಿನ ಕೊನೆಯ ಓವರ್, ಮಸಣದ ಹತ್ತಿರ ಕಂಡ ದೆವ್ವದ ಕಥೆ ಹೇಳಿ. ಸಾಲುಗಳು ಚಿಕ್ಕದಿರಲಿ, ವಿಷಯ ಅವನ ವಯಸ್ಸಿಗೆ ತಕ್ಕದ್ದಿರಲಿ.

ಹಂತ 3: ಕಥೆಯನ್ನು ಎಂಟು ಸಾಲಿಗೆ ಇಳಿಸಿ, ಬರೆದಿಡಿ

ಬಾಯಿಗೆ ಬಂದಂತೆ ಹೇಳಿದರೆ ದಿನಕ್ಕೊಂದು ಕಥೆಯಾಗುತ್ತದೆ. ಮುಂದೇನು ಬರುತ್ತದೆ ಅಂತ ಕಾಯುವ ಸುಖ ಮಗುವಿಗೆ ಸಿಗುವುದಿಲ್ಲ. ಅದಕ್ಕೇ ಬರೆದಿಡಬೇಕು:

1. ಕಾಗಕ್ಕಂದು ಸಗಣಿ ಮನೆ.
2. ಗುಬ್ಬಕ್ಕಂದು ಕಲ್ಲಿನ ಮನೆ.
3. ಮಳೆ ಬಂತು, ಮಳೆ! ಸಗಣಿ ಮನೆ ಕೊಚ್ಕೊಂಡು ಹೋಯ್ತು.
4. ಟಕ್ ಟಕ್ ಟಕ್. "ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ!"
5. "ಇರು, ಮಗೂಗೆ ನೀರು ಹಾಕ್ತಿದ್ದೀನಿ." ಟಕ್ ಟಕ್ ಟಕ್. "ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ!"
6. "ಇರು, ಮಗೂಗೆ ಮೈ ಒರೆಸ್ತಿದ್ದೀನಿ." ಟಕ್ ಟಕ್ ಟಕ್. "ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ!"
7. "ಇರು, ತೊಟ್ಟಿಲು ತೂಗ್ತಿದ್ದೀನಿ." ಟಕ್ ಟಕ್ ಟಕ್. "ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ!"
8. ಬಾಗಿಲು ತೆಗೀತು! "ಬಾ ಕಾಗಕ್ಕ, ಒಳಗೆ ಬಾ."

ಈ ಕಥೆಯ ಕೊನೆ ಊರಿಂದ ಊರಿಗೆ ಬೇರೆ. ನಿಮ್ಮ ಮನೆಯ ಕೊನೆ ಯಾವುದೋ ಅದನ್ನೇ ಇಟ್ಟುಕೊಳ್ಳಿ. ಆದರೆ ಒಂದು ಸಲ ತೀರ್ಮಾನ ಮಾಡಿದ ಮೇಲೆ ಬದಲಿಸಬೇಡಿ. ಭಾಷೆಯೂ ಮಗುವಿನ ಮನೆಯದ್ದೇ ಇರಲಿ. ಧಾರವಾಡದ ಮಗುವಿಗೆ "ಬಾಗಲಾ ತಗಿ" ಅಂದರೇನೇ ಕಥೆ ತನ್ನದು ಅನಿಸುವುದು. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಆಡುವ ಮಗುವಾದರೆ ಆ ಕೂಗಿನ ಸಾಲನ್ನಾದರೂ ಮನೆಮಾತಿನಲ್ಲಿ ಇಡಿ.

ಹಂತ 4: ಒಂದು ಸಾಲಿಗೆ ಒಂದೇ ವಸ್ತು

ಅಂಗಡಿಯಿಂದ ತರುವುದು ಏನೂ ಬೇಕಿಲ್ಲ. ಒಣಗಿದ ಬೆರಣಿ. ನುಣುಪಾದ ಹೊಳೆಕಲ್ಲು. ಮೊರದಲ್ಲಿ ಒಂದು ಹಿಡಿ ರಾಗಿ: ನಿಧಾನಕ್ಕೆ ಅಲ್ಲಾಡಿಸಿದರೆ ಸೋನೆ ಮಳೆ, ಜೋರಾಗಿ ಅಲ್ಲಾಡಿಸಿದರೆ ಜಡಿಮಳೆ. ಬಡಿಯಲು ಮರದ ಮಣೆ. ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರು. ಒರಟು ಟವೆಲ್. ಇಬ್ಬರು ಹಿಡಿದು ತೂಗಲು ಒಂದು ದುಪ್ಪಟಿ, ಅದರೊಳಗೆ ಗೊಂಬೆ.

ನಿಜವಾದ ವಸ್ತುವನ್ನೇ ಇಡಿ ಅನ್ನುವುದಕ್ಕೆ ಕಾರಣವಿದೆ. ಪ್ಲಾಸ್ಟಿಕ್ ಕಾಗೆ ನಮ್ಮ ಕಣ್ಣಿಗೆ ಕಾಗೆ. ಚಿತ್ರವನ್ನು ಓದಲು ಇನ್ನೂ ಕಲಿಯದ ಮಗುವಿಗೆ ಅದು ಬರೀ ಪ್ಲಾಸ್ಟಿಕ್. ಬೆಚ್ಚಗಿನ ನೀರು ಕೈಮೇಲೆ ಬಿದ್ದರೆ ಯಾರಿಗೂ ವಿವರಿಸಬೇಕಿಲ್ಲ, ಅಲ್ವಾ?

ಮೆದುಳಿನ ಕಾರಣದಿಂದ ದೃಷ್ಟಿ ತೊಂದರೆ ಇರುವ ಮಕ್ಕಳು ಸಿಪಿ ಇರುವವರಲ್ಲಿ ಸಾಕಷ್ಟು ಸಿಗುತ್ತಾರೆ. ಅವರ ಕಣ್ಣು ನೋಡಲು ಚೆನ್ನಾಗಿಯೇ ಇದ್ದರೂ ಗಿಜಿಗಿಜಿ ಹಿನ್ನೆಲೆಯಲ್ಲಿ ವಸ್ತು ಕಳೆದುಹೋಗುತ್ತದೆ. ಅವರಿಗೆ ಕಪ್ಪು ಬಟ್ಟೆ ಹಾಸಿ, ಅದರ ಮೇಲೆ ಒಂದೇ ವಸ್ತು ಇಡಿ. ಕೆಂಪು, ಹಳದಿ ಬಣ್ಣ ಹಲವರಿಗೆ ಬೇಗ ಕಾಣುತ್ತದೆ. ಉಳಿದ ಸಾಮಾನೆಲ್ಲ ಮುಚ್ಚಿದ ಬುಟ್ಟಿಯಲ್ಲಿರಲಿ.

ಎಚ್ಚರಿಕೆಗಳು. ಎಲ್ಲವನ್ನೂ ಬಾಯಿಗೆ ಹಾಕುವ ಮಗುವಿದ್ದರೆ ಬೆರಣಿ ಬೇಡ, ಜೇಡಿಮಣ್ಣು ಇಡಿ. ರಾಗಿಯನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಗೋಲಿ, ಹುಣಸೆಬೀಜ, ಬಲೂನು ಕೈಗೆ ಕೊಡಲೇಬೇಡಿ. ಪೂಜೆಯ ಕಥೆ ಅಂತ ಕರ್ಪೂರ ಕೊಡುವವರಿದ್ದಾರೆ. ಕರ್ಪೂರ ಹೊಟ್ಟೆಗೆ ಹೋದರೆ ವಿಷ, ಫಿಟ್ಸ್ ಬರಿಸಬಲ್ಲದು. ಫಿಟ್ಸ್ ಇರುವ ಮಗುವಿನ ಮುಂದೆ ಮಿಂಚು ತೋರಿಸಲು ಟಾರ್ಚನ್ನು ಪಟಪಟ ಹಾಕಿ ಆರಿಸಬೇಡಿ. ನುಂಗಲು ಕಷ್ಟವಿರುವ ಮಗುವಿಗೆ ಕಥೆಯ ನೆಪದಲ್ಲಿ ಏನನ್ನೂ ತಿನ್ನಿಸಬೇಡಿ, ನೀರನ್ನೂ.

ಹಂತ 5: ಮಗುವಿಗೆ ಒಂದು ದನಿ ಕೊಡಿ

ಕೇಳುವವಳಾಗಿದ್ದ ಮಗು ಹೇಳುವವಳಾಗುವುದು ಈ ಹಂತದಲ್ಲಿ. ಕೂಗಿನ ಸಾಲನ್ನು ರೆಕಾರ್ಡ್ ಮಾಡಿ ಒಂದು ಗುಂಡಿಗೆ ತುಂಬಿ. ಒತ್ತಿದರೆ ಮಾತಾಡುವ ರೆಕಾರ್ಡಿಂಗ್ ಬಟನ್ ಆನ್‌ಲೈನಿನಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಫೋನಿನಲ್ಲೇ ಧ್ವನಿ ತುಂಬಿ, ಮಗು ತಟ್ಟುವಂತೆ ಇಟ್ಟುಕೊಳ್ಳಿ. ಧ್ವನಿ ಟೀಚರದ್ದು ಬೇಡ. ಅದೇ ವಯಸ್ಸಿನ ಮಗುವಿನದ್ದಿರಲಿ. ಹುಡುಗಿಗೆ ಹುಡುಗಿಯ ದನಿ, ಹುಡುಗನಿಗೆ ಹುಡುಗನ ದನಿ.

ಈಗ ಮಗುವೇ ಕಾಗಕ್ಕ. ನೀವು ಗುಬ್ಬಕ್ಕ. ಅವಳು ಒತ್ತುವ ತನಕ ನೀವು ಉತ್ತರ ಕೊಡುವ ಹಾಗಿಲ್ಲ, ಒತ್ತಿದರೆ ಕೊಡದೇ ಇರುವ ಹಾಗಿಲ್ಲ.

ಗುಂಡಿ ಎಲ್ಲಿಡಬೇಕು ಅನ್ನುವುದನ್ನು ಹಂತ 1ರ ಹಾಳೆ ಹೇಳುತ್ತದೆ. ಕೆಲವು ಸಿಪಿ ಮಕ್ಕಳು ತಲೆಯನ್ನು ಪಕ್ಕಕ್ಕೆ ತಿರುಗಿಸಿದ ಕೂಡಲೇ ಆ ಕಡೆಯ ಕೈ ತಾನಾಗಿ ನೆಟ್ಟಗಾಗಿಬಿಡುತ್ತದೆ, ಮಡಚಲಾಗುವುದಿಲ್ಲ. ಅಂಥವರಿಗೆ ಗುಂಡಿ ಎದೆಯ ನೇರಕ್ಕೆ, ಮಧ್ಯದಲ್ಲಿರಲಿ. ಕೈ ಆಡದಿದ್ದರೆ ಮೊಣಕೈ, ಮೊಣಕಾಲು, ಕೆನ್ನೆ ಯಾವುದಾದರೂ ಆದೀತು.

ಗುಂಡಿಯ ಜೊತೆಗೆ ಒಂದು ಹಾಳೆ ಚಿತ್ರ ಬೇಕು. ಇಲ್ಲಿ ಎಲ್ಲರೂ ಕಾಗೆ, ಗುಬ್ಬಿ, ಮಳೆ ಅಂತ ಹೆಸರುಗಳನ್ನೇ ತುಂಬುತ್ತಾರೆ. ಬರೀ ಹೆಸರುಗಳಿಂದ ಮಗು ಏನು ಹೇಳಬಲ್ಲದು? 'ಇನ್ನೊಂದ್ಸಲ', 'ಬೇಡ', 'ಬಾ', 'ತೆಗಿ', 'ಭಯ', 'ಆಯ್ತು' ಇವು ಮೊದಲು ಬರಲಿ. ಈ ಮಾತುಗಳು ನಾಳೆ ಊಟದಲ್ಲೂ, ಆಟದಲ್ಲೂ ಉಪಯೋಗಕ್ಕೆ ಬರುತ್ತವೆ. ಚಿತ್ರ ಬಿಡಿಸಲು ಬಾರದಿದ್ದರೆ ಸ್ಪೇನಿನ ಅರಾಗಾನ್ ಸರ್ಕಾರದ ಅರಾಸಾಕ್ ಸಂಗ್ರಹದ ಸಂಕೇತಚಿತ್ರಗಳು ಉಚಿತ. ಟ್ಯಾಬ್ ಇದ್ದವರಿಗೆ ಚಿತ್ರ ಮುಟ್ಟಿದರೆ ಮಾತಾಡುವ, ಚೆನ್ನೈನಲ್ಲಿ ತಯಾರಾದ ಅವಾಜ್ ಆ್ಯಪ್ ಇದೆ, ಐಐಟಿ ಬಾಂಬೆಯಲ್ಲಿ ರೂಪುಗೊಂಡ ಉಚಿತ ಜೆಲ್ಲೋ ಇದೆ. ಕಿವಿ ಕೇಳದ ಮಗುವಾದರೆ ದೆಹಲಿಯ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ ಕಥೆಯ ಪದಗಳಿಗೆ ಸನ್ನೆ ನೋಡಿ ಕಲಿತುಕೊಳ್ಳಿ.

ಹಾಳೆಯನ್ನು ಮಗುವಿನ ಮುಂದಿಟ್ಟು "ತೋರಿಸು, ತೋರಿಸು" ಅನ್ನಬೇಡಿ. ಕಥೆ ಹೇಳುವಾಗ ನೀವೇ ಮುಟ್ಟಿ ತೋರಿಸುತ್ತಾ ಮಾತಾಡಿ. "ಮಳೆ ಬಂತು" ಅನ್ನುವಾಗ 'ಭಯ' ಮುಟ್ಟಿ, ಮುಗಿದಾಗ 'ಆಯ್ತು' ಮುಟ್ಟಿ. ಮಾತು ಕಲಿಯುವ ಮಗು ಸುಮಾರು ಒಂದು ವರ್ಷ ಕೇಳಿಸಿಕೊಂಡ ಮೇಲೆ ಬಾಯಿ ಬಿಡುತ್ತದೆ. ಚಿತ್ರದಲ್ಲಿ ಮಾತಾಡುವ ಮಗುವಿಗೂ ಅಷ್ಟು ನೋಡುವ ಅವಕಾಶ ಬೇಕು.

ಇನ್ನೊಂದು ಮಾತು ಖಡಾಖಂಡಿತ. ಮಗುವಿನ ಕೈ ಹಿಡಿದು ಗುಂಡಿ ಒತ್ತಿಸಬೇಡಿ, ಬೆರಳು ಹಿಡಿದು ಅಕ್ಷರ ತೋರಿಸಬೇಡಿ. ಹಾಗೆ ಬಂದ ಮಾತು ಕೈ ಹಿಡಿದವರದ್ದು. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲೇ ಇಂಥ ಕೈ ಹಿಡಿದು ಹೇಳಿಸುವ ವಿಧಾನವನ್ನು ಬಳಸಬಾರದು ಅಂದಿದೆ. ವಸ್ತು ಮುಟ್ಟಿಸಬೇಕಿದ್ದರೆ ನಿಮ್ಮ ಕೈಯನ್ನು ಮಗುವಿನ ಕೈಯ ಕೆಳಗೆ ಇಡಿ, ಬೇಡವಾದರೆ ಅದು ತೆಗೆದುಕೊಳ್ಳಲಿ.

ಹಂತ 6: ಕೂರಿಸುವುದು

ಪಾದ ನೆಲಕ್ಕೋ ಹಲಗೆಗೋ ಊರಿರಬೇಕು. ಸೊಂಟ ಜಾರಬಾರದು. ಜಾರುತ್ತಾ ಕೂತ ಮಗುವಿನ ಗಮನವೆಲ್ಲ ಬೀಳದಿರುವುದರ ಮೇಲೇ ಇರುತ್ತದೆ. ನಿಮ್ಮ ಮುಖ ಅದರ ಕಣ್ಣಿನ ಮಟ್ಟಕ್ಕಿರಲಿ, ಕಿಟಕಿ ನಿಮ್ಮ ಬೆನ್ನಿಗೆ ಬೇಡ. ಫ್ಯಾನ್ ಸದ್ದು ಜಾಸ್ತಿ ಇದ್ದರೆ ಆರಿಸಿ. ಓಡಾಡುತ್ತಲೇ ಕೇಳುವ ಆಟಿಸಂ ಇರುವ ಮಗುವನ್ನು ಓಡಾಡಲು ಬಿಡಿ, ಹಿಡಿದು ಕೂರಿಸುವುದು ಬೇಡ.

ಹಂತ 7: ಹೇಳುವುದು, ಅದಕ್ಕಿಂತ ಜಾಸ್ತಿ ಕಾಯುವುದು

ಪ್ರತಿ ಸಲ ಒಂದೇ ರೀತಿ ಶುರು ಮಾಡಿ. ಬುಟ್ಟಿಯನ್ನು ಮೂರು ಸಲ ತಟ್ಟಿ "ಕಥೆ ಕಥೆ ಕಥೆ" ಅನ್ನಿ, ಸಾಕು. ಒಂದು ಸಾಲು ಹೇಳಿ, ವಸ್ತು ಕೊಡಿ, ಸುಮ್ಮನಾಗಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಕೆಲವು ಮಕ್ಕಳಿಗೆ ಇಪ್ಪತ್ತು, ಮೂವತ್ತೂ ಬೇಕಾದೀತು. ಕೇಳಿದ್ದು ಒಳಗೆ ಇಳಿದು, ಕೈಗೆ ಅಪ್ಪಣೆ ಹೋಗಿ, ಕೈ ಹೊರಡಬೇಕಲ್ಲ? ನಾವು ಮೂರನೇ ಸೆಕೆಂಡಿಗೆ "ಒತ್ತು ಪುಟ್ಟ, ಒತ್ತು ಒತ್ತು" ಅಂದರೆ ಆ ಲೆಕ್ಕವೆಲ್ಲ ಮೊದಲಿನಿಂದ ಶುರುವಾಗುತ್ತದೆ. ಕಾಯುವಾಗ ಮುಖದಲ್ಲಿ 'ಮುಂದೇನು?' ಅನ್ನುವ ಭಾವವಿರಲಿ, ಬಾಯಿ ಮುಚ್ಚಿರಲಿ.

ಇಲ್ಲಿ ಮಾಡುವ ದೊಡ್ಡ ತಪ್ಪು ಕಥೆಯನ್ನು ಪರೀಕ್ಷೆ ಮಾಡುವುದು. "ಇದು ಏನು? ಕಾಗೆ ಯಾವ ಬಣ್ಣ? ಎಷ್ಟು ಕಾಲು?" ದಿನವಿಡೀ ಥೆರಪಿಯಲ್ಲಿ ಪ್ರಶ್ನೆ ಕೇಳಿಸಿಕೊಂಡ ಮಗುವಿಗೆ ಕಥೆಯಲ್ಲೂ ಅದೇ ಆದರೆ ಕಥೆಯೂ ಬೇಡವಾಗುತ್ತದೆ. ಪ್ರಶ್ನೆಯ ಬದಲು ಉದ್ಗಾರ ಇರಲಿ: "ಅಯ್ಯೋ, ಮನೇನೇ ಹೋಯ್ತಲ್ಲಾ!"

ಇನ್ನೊಂದು ತಪ್ಪು, ಮಗು ಸುಮ್ನೆ ಗುಂಡಿ ಒತ್ತುತ್ತಲೇ ಇದೆ ಅಂತ ಅದನ್ನು ಕಿತ್ತಿಡುವುದು. ಅದು ಬಾಯಿ ಮುಚ್ಚಿಸಿದ ಹಾಗೆ. ಉತ್ತರ ಕೊಡಿ: "ಇರು ಕಾಗಕ್ಕ, ಇನ್ನೂ ಮಳೇನೇ ಬಂದಿಲ್ಲ!" ಒತ್ತಿದರೆ ಯಾರೋ ಮಾತಾಡುತ್ತಾರೆ ಅಂತ ಗೊತ್ತಾದ ಮೇಲೇ ಯಾವಾಗ ಒತ್ತಬೇಕು ಅನ್ನುವುದು ಗೊತ್ತಾಗುವುದು.

ನಿಲ್ಲಿಸಬೇಕಾದ ಸೂಚನೆಗಳು: ಉಸಿರು ಜೋರಾಗುವುದು, ಮೈ ಬೆವರುವುದು, ಕೈ ಕಚ್ಚಿಕೊಳ್ಳುವುದು, ಕಿವಿ ಮುಚ್ಚುವುದು, ಹಂತ 1ರಲ್ಲಿ ಬರೆದ 'ಬೇಡ'. ಆಗ ವಸ್ತು ತೆಗೆದು, "ಬೇಡ ಅಂದ್ಯಾ, ಸರಿ" ಅಂತ ಹೇಳಿ ನಿಲ್ಲಿಸಿ. 'ಬೇಡ' ಅಂದಿದ್ದಕ್ಕೆ ಬೆಲೆ ಸಿಕ್ಕರೆ ಮಗು ನಾಳೆ ವಾಪಸ್ ಬರುತ್ತದೆ. ಮಗು ಇದ್ದಕ್ಕಿದ್ದಂತೆ ಶೂನ್ಯ ದಿಟ್ಟಿಸುತ್ತಾ, ಕರೆದರೂ ಮುಟ್ಟಿದರೂ ಓಗೊಡದೆ ಕೆಲವು ಕ್ಷಣ ನಿಂತುಬಿಟ್ಟರೆ ಗಮನ ಇಲ್ಲ ಅಂದುಕೊಳ್ಳಬೇಡಿ. ಅದೂ ಒಂದು ಬಗೆಯ ಫಿಟ್ಸ್ ಇರಬಹುದು. ಬರೆದಿಟ್ಟು ಡಾಕ್ಟರಿಗೆ ಹೇಳಿ. ಕೈಕಾಲು ಜಗ್ಗುವ ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಸಮಯ ನೋಡಿಕೊಳ್ಳಿ. ಕೈಗೆ ಬೀಗದ ಕೀ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡವೇ ಬೇಡ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಹಂತ 8: ಅದೇ ಕಥೆ, ವಾರಗಟ್ಟಲೆ

ನಮಗೆ ಬೇಜಾರು ಬಂದ ಹೊತ್ತಿಗೆ ಮಗುವಿಗೆ ರುಚಿ ಹತ್ತಲು ಶುರುವಾಗಿರುತ್ತದೆ. ವಾರಕ್ಕೆ ಮೂರು ನಾಲ್ಕು ಸಲದಂತೆ ಕನಿಷ್ಠ ಆರು ವಾರ ಇದೊಂದೇ ಕಥೆ ಹೇಳಿ. ಪ್ರತಿ ಸಲ ಒಂದು ಸಾಲು ಟಿಪ್ಪಣಿ ಸಾಕು: "ಮೊರ ತೆಗೆಯುವ ಮೊದಲೇ ನಕ್ಕಳು." ಈ 'ಮೊದಲೇ' ಅನ್ನುವುದನ್ನೇ ಹುಡುಕಬೇಕು. ನೀರು ಬೀಳುವ ಮುಂಚೆ ಕೈ ಹಿಂದಕ್ಕೆ ಎಳೆದುಕೊಂಡರೆ, ಕೂಗು ಬರುವ ಜಾಗದಲ್ಲಿ ಗುಂಡಿ ಕಡೆ ನೋಡಿದರೆ, ಕಥೆಯ ಕ್ರಮ ಅದಕ್ಕೆ ಗೊತ್ತಾಗಿದೆ ಅಂತ ಅರ್ಥ.

ಅದು ಕಂಡ ಮೇಲೆ ಸ್ವಲ್ಪ ಕೀಟಲೆ ಮಾಡಿ. ಟಕ್ ಟಕ್ ಅಂದು ನಿಲ್ಲಿಸಿಬಿಡಿ. ಮೊರದ ಬದಲು ಟವೆಲ್ ಎತ್ತಿ. ಮಗು ಗೊಣಗಿದರೆ, ನಕ್ಕರೆ, ನಿಮ್ಮ ಕೈ ತಳ್ಳಿದರೆ ಅದು ನಿಮ್ಮನ್ನು ತಿದ್ದುತ್ತಿದೆ.

ಆಟಿಸಂ ಇರುವ ಕೆಲವು ಮಕ್ಕಳು "ಬಾಗಿಲು ತೆಗಿ" ಅನ್ನುವುದನ್ನು ಬಿಸ್ಕತ್ತಿನ ಡಬ್ಬಿ ಎದುರು ಹೇಳಲು ಶುರು ಮಾಡುತ್ತಾರೆ. ಅರ್ಥವಿಲ್ಲದೆ ಉರುಹೊಡೆಯುತ್ತಾನೆ ಅಂತ ಗದರಬೇಡಿ. ಅವನು ಕಥೆಯ ಸಾಲನ್ನು ತನ್ನ ಕೆಲಸಕ್ಕೆ ಬಳಸುತ್ತಿದ್ದಾನೆ. ಡಬ್ಬಿ ತೆಗೆದುಕೊಡಿ.

ಹಂತ 9: ಮಗುವಿನ ಸ್ವಂತ ಕಥೆ

ಹೆಚ್ಚಿನವರು ಎಂಟನೇ ಹಂತಕ್ಕೇ ನಿಲ್ಲುತ್ತಾರೆ. ಆದರೆ ನಾವು ದಿನವೂ ಹೇಳುವ ಕಥೆ ಕಾಗಕ್ಕಂದಲ್ಲ. "ಇವತ್ತು ಏನಾಯ್ತು ಗೊತ್ತಾ?" ಅನ್ನುವುದೇ ನಮ್ಮ ಕಥೆ. ಆ ಮಾತು ಆಡಲು ಅವಕಾಶವೇ ಇಲ್ಲದೆ ಬೆಳೆದ ಯುವಕ ಯುವತಿಯರು ತುಂಬಾ ಜನ ಇದ್ದಾರೆ. ದೊಡ್ಡವರಾದ ಮಕ್ಕಳಿಗೆ ಈ ಹಂತದಿಂದಲೇ ಶುರು ಮಾಡಬಹುದು.

ಹುಬ್ಬಳ್ಳಿಯ ಹದಿನೈದರ ಹುಡುಗಿಯೊಬ್ಬಳು ಶಿವರಾತ್ರಿಯಲ್ಲಿ ಸಿದ್ಧಾರೂಢರ ತೇರಿಗೆ ಹೋಗಿಬಂದಳು ಅಂದುಕೊಳ್ಳಿ. ಅವಳ ಪರವಾಗಿ ನಾವು ಸಾಮಾನ್ಯವಾಗಿ ಹೇಳುವುದು: "ತೇರಿಗೆ ಹೋಗಿದ್ಲು, ಚೆನ್ನಾಗಿತ್ತು." ಇದರಲ್ಲಿ ಕಥೆಯೇ ಇಲ್ಲ. ಏನೋ ಎಡವಟ್ಟಾಗಬೇಕು, ಅಲ್ಲಿಂದ ಕಥೆ ಹುಟ್ಟುತ್ತದೆ. ಮನೆಯವರನ್ನು ಕೇಳಿದರೆ ಗೊತ್ತಾಗುತ್ತದೆ: ಜನಜಂಗುಳಿಯಲ್ಲಿ ಅವಳ ಚಪ್ಪಲಿ ಹರಿದಿತ್ತು. ಆ ಹರಿದ ಚಪ್ಪಲಿಯನ್ನು ಎಸೆಯದೆ ಚೀಲಕ್ಕೆ ಹಾಕಿ ಕಳಿಸಲು ಹೇಳಿ. ಬಸ್ ಟಿಕೆಟ್, ಬತ್ತಾಸಿನ ಪೊಟ್ಟಣ, ಮುರಿದ ಬಳೆ, ಇಂಥವು ಫೋಟೋಕ್ಕಿಂತ ಚೆನ್ನಾಗಿ ನೆನಪು ತರುತ್ತವೆ.

ಆಮೇಲೆ ಅವಳ ಅಕ್ಕನೋ ಗೆಳತಿಯೋ ನಾಲ್ಕು ತುಣುಕು ರೆಕಾರ್ಡ್ ಮಾಡಲಿ:

1. "ತೇರಿಗೆ ಹೋಗಿದ್ವಿ."
2. "ಏನಾತು ಗೊತ್ತೇನು?"
3. "ನನ್ನ ಚಪ್ಪಲಿ ಹರೀತು!"
4. "ಅಪ್ಪ ತನ್ನ ಚಪ್ಪಲಿ ನನಗ ಕೊಟ್ಟು ಬರಿಗಾಲಾಗ ನಡದ."

ಎರಡನೇ ತುಣುಕನ್ನು ಬಿಡಲೇಬೇಡಿ. ಅದು ಎದುರಿಗಿದ್ದವರನ್ನು "ಏನಾತು?" ಅನ್ನುವಂತೆ ಮಾಡುತ್ತದೆ, ಹುಡುಗಿ ಮುಂದಿನ ತುಣುಕು ಒತ್ತಲು ಕಾರಣ ಸಿಗುತ್ತದೆ. ಕೇಳುವವರಿಗೂ ತಯಾರಿ ಬೇಕು. "ಚಪ್ಪಲಿ ಯಾವ ಬಣ್ಣ?" ಅನ್ನಬಾರದು. "ಅಯ್ಯ ಶಿವನೆ! ಆಮೇಲೆ?" ಅನ್ನಬೇಕು. ದಿನದಲ್ಲಿ ಮೂರು ನಾಲ್ಕು ಜನಕ್ಕೆ ಹೇಳಲು ಬಿಡಿ: ಅಡುಗೆಯವರಿಗೆ, ಹೆಡ್‌ಮಾಸ್ತರರಿಗೆ, ಆಟೋದವರಿಗೆ. ನಾವೂ ಒಳ್ಳೆ ಸುದ್ದಿಯನ್ನು ಒಬ್ಬರಿಗೇ ಹೇಳಿ ಸುಮ್ಮನಿರುವುದಿಲ್ಲವಲ್ಲ.

ಇದು ಅವಳ ಕಥೆ, ಹಾಗಾಗಿ ಹೇಳಬೇಕೋ ಬೇಡವೋ ಅನ್ನುವುದೂ ಅವಳದೇ ತೀರ್ಮಾನ. ರೆಕಾರ್ಡ್ ಮಾಡಿದ್ದನ್ನು ಮೊದಲು ಅವಳಿಗೆ ಕೇಳಿಸಿ, ಅವಳ 'ಬೇಡ' ಬಂದರೆ ಅಳಿಸಿಹಾಕಿ. ಬಟ್ಟೆ ಒದ್ದೆಯಾದದ್ದು, ಫಿಟ್ಸ್ ಬಂದದ್ದು ನಮಗೆ ಸುದ್ದಿ ಅನಿಸಬಹುದು, ಅವಳಿಗೆ ಅವಮಾನ. ಕೇಳದೆ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡಿ.

ಹಂತ 10: ಎಲ್ಲ ಮಕ್ಕಳ ನಡುವೆ

ಸಾಮಾನ್ಯ ತರಗತಿಯಲ್ಲಿ ಇದೇ ಕಥೆಯನ್ನು ಎಲ್ಲರಿಗೂ ಹೇಳಿ. ಒಂದು ಸಾಲಿನವರು ಮಳೆಯಾಗಲಿ, ಒಂದು ಸಾಲಿನವರು ಬಾಗಿಲು ಬಡಿಯಲಿ, ಇಬ್ಬರು ದುಪ್ಪಟಿ ಹಿಡಿಯಲಿ. ಕೂಗಿನ ಗುಂಡಿ ಮಾತ್ರ ಮಾತು ಬಾರದ ಮಗುವಿನ ಕೈಯಲ್ಲೇ. ಅವಳು ಒತ್ತದೆ ಕಥೆ ಮುಂದೆ ಹೋಗುವುದಿಲ್ಲ ಅಂತ ನಲವತ್ತು ಮಕ್ಕಳಿಗೂ ಗೊತ್ತಿರಲಿ. ಕಾಯುವುದನ್ನೂ ಅವರಿಗೆ ಕಲಿಸಬೇಕಾಗುತ್ತದೆ. ಬೆರಳಲ್ಲಿ ಹತ್ತು ಎಣಿಸಲು ಹೇಳಿ. ಗೆಳೆಯರು ಅವಳ ಬದಲು ಗುಂಡಿ ಒತ್ತಿಬಿಡುವುದು ಇಲ್ಲಿನ ಮಾಮೂಲಿ ತಪ್ಪು, ಮೊದಲ ದಿನವೇ ತಡೆಯಿರಿ. ಒಬ್ಬಳನ್ನೇ ಮೂಲೆಯಲ್ಲಿ ಆಯಾ ಜೊತೆ ಕೂರಿಸಿ 'ಸೇರಿಸಿಕೊಂಡಿದ್ದೇವೆ' ಅನ್ನುವುದೂ ಬೇಡ.

ಸಹಾಯ ಎಲ್ಲಿ ಕೇಳಬೇಕು

ಆರು ವಾರ ಸರಿಯಾಗಿ ಮಾಡಿಯೂ ಟಿಪ್ಪಣಿಯಲ್ಲಿ ಏನೂ ಬದಲಾಗದಿದ್ದರೆ ಕಥೆ ಬದಲಿಸುವ ಮೊದಲು ಕಣ್ಣು, ಕಿವಿ, ಕೂರುವ ಭಂಗಿ, ಗುಂಡಿಯ ಜಾಗ ಇವನ್ನು ಮತ್ತೆ ನೋಡಿ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡರ ಪರೀಕ್ಷೆಯೂ ಆಗುತ್ತದೆ, ಮಾತಿಗೆ ಬದಲಿ ಸಾಧನಗಳ ಸಲಹೆಯೂ ಸಿಗುತ್ತದೆ. ಸರ್ಕಾರಿ ಶಾಲೆಯವರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಬಿಐಇಆರ್‌ಟಿ ಶಿಕ್ಷಕರನ್ನು, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ಶಾಲೆಗೆ ಬರಲಾಗದೆ ಗೃಹಾಧಾರಿತ ಶಿಕ್ಷಣದಲ್ಲಿರುವ ಮಗುವಿಗೂ ಬುಟ್ಟಿ ಸಮೇತ ಈ ಕಥೆ ಮನೆಗೇ ಹೋಗಬಹುದು. ತಜ್ಞರ ಹತ್ತಿರ ಹೋಗುವಾಗ ಹಂತ 1ರ ಹಾಳೆ, ಆರು ವಾರದ ಟಿಪ್ಪಣಿ, ಮಗು ಗುಂಡಿ ಒತ್ತುವ ಒಂದು ಚಿಕ್ಕ ವಿಡಿಯೋ ಜೊತೆಗಿರಲಿ. "ಏನೂ ಮಾಡಲ್ಲ" ಅಂತ ಬಾಯಲ್ಲಿ ಹೇಳುವುದಕ್ಕಿಂತ ಅದರಿಂದ ತಜ್ಞರಿಗೆ ಜಾಸ್ತಿ ಗೊತ್ತಾಗುತ್ತದೆ.

ಎರಡನೇ ಕಥೆಗೆ ಹೋಗುವಾಗ ಬುಟ್ಟಿ ತಟ್ಟುವ ಶುರು, ಗುಂಡಿಯ ಜಾಗ, ಚಿತ್ರದ ಹಾಳೆಯಲ್ಲಿ 'ಇನ್ನೊಂದ್ಸಲ', 'ಬೇಡ' ಇರುವ ಮೂಲೆ ಯಾವುದನ್ನೂ ಕದಲಿಸಬೇಡಿ. ಗುಂಡಿಯೊಳಗಿನ ಸಾಲನ್ನೂ ಬುಟ್ಟಿಯೊಳಗಿನ ಸಾಮಾನನ್ನೂ ಮಾತ್ರ ಬದಲಿಸಿ.